ಫೋನಿಗೂ ಗಡಿಯಾರ ಬೇಕು: ಕಚೇರಿಯ ಫೋನು ಹೊತ್ತಿಗೆ ತಕ್ಕಂತೆ ಮಾತಾಡುವುದು ಹೇಗೆ?

ಒಂದು ಭಾನುವಾರ ಸಂಜೆ ಏಳು ಗಂಟೆ. ಅಪ್ಪನ ರಕ್ತ ಪರೀಕ್ಷೆಯ ರಿಪೋರ್ಟ್ ಬಂತಾ ಅಂತ ಕೇಳಲು ಒಂದು ಲ್ಯಾಬಿಗೆ ಫೋನ್ ಮಾಡಿದ್ದೆ. ಆ ಕಡೆಯಿಂದ ರೆಕಾರ್ಡ್ ಆದ ದನಿ ಬಂತು. ‘ಶುಭೋದಯ. ನಮ್ಮ ಸಿಬ್ಬಂದಿ ಬೇರೆ ಕರೆಯಲ್ಲಿದ್ದಾರೆ. ದಯವಿಟ್ಟು ಲೈನಿನಲ್ಲೇ ಇರಿ.’ ಆಮೇಲೆ ಸಂಗೀತ. ಮತ್ತೆ ಅದೇ ಮಾತು. ಹನ್ನೊಂದು ನಿಮಿಷ ಕಾದೆ. ಅಪ್ಪ ಪಕ್ಕದಲ್ಲೇ ಕೂತು ನನ್ನ ಮುಖ ನೋಡುತ್ತಿದ್ದರು. ಮರುದಿನ ಹೋದಾಗ ಗೊತ್ತಾಯಿತು, ಭಾನುವಾರ ಅವರು ಮಧ್ಯಾಹ್ನ ಒಂದಕ್ಕೇ ಬಾಗಿಲು ಹಾಕುತ್ತಾರೆ. ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಫೋನು ಮಾತ್ರ ‘ಇದ್ದಾರೆ, ಇರಿ’ ಅನ್ನುತ್ತಿತ್ತು.

ಇದಾದ ಕೆಲವು ತಿಂಗಳಿಗೆ ಮೈಸೂರಿನಲ್ಲಿ ನಮ್ಮ ಅಕ್ಕ ತನ್ನ ಹಲ್ಲಿನ ಕ್ಲಿನಿಕ್ಕಿಗೆ ಹೊಸ ಫೋನ್ ವ್ಯವಸ್ಥೆ ಹಾಕಿಸಿದಳು. ಹಾಕಿಕೊಟ್ಟವರು ಮೊದಲೇ ತುಂಬಿದ್ದ ಇಂಗ್ಲಿಷ್ ಸ್ವಾಗತವನ್ನು ಹಾಗೇ ಬಿಟ್ಟು ಹೋಗಿದ್ದರು. ಲ್ಯಾಬಿನ ಕಥೆ ಇಲ್ಲಿಯೂ ಆಗಬಾರದು ಅಂತ ಎರಡು ದಿನ ಕೂತು ಅದನ್ನು ಸರಿ ಮಾಡಿದೆ. ಈಗ ಸಣ್ಣ ಕ್ಲಿನಿಕ್, ಶಾಲೆ, ಆಡಿಟರ್ ಆಫೀಸು, ಸಹಕಾರ ಸಂಘ, ಎಲ್ಲರೂ ಇಂಥ ಫೋನಿಗೆ ಬದಲಾಗುತ್ತಿದ್ದಾರೆ. ಸ್ವಾಗತದ ಮಾತನ್ನು ಹೊತ್ತಿಗೆ ತಕ್ಕಂತೆ ಬದಲಿಸುವ ಕೆಲಸ ಕೊನೆಗೆ ಆಫೀಸಿನಲ್ಲಿ ‘ಸ್ವಲ್ಪ ಕಂಪ್ಯೂಟರ್ ಗೊತ್ತಿರುವ’ ಒಬ್ಬರ ತಲೆಗೆ ಬರುತ್ತದೆ. ಅವರಿಗಾಗಿ, ಬುಡದಿಂದ ಶುರು ಮಾಡಿ ಹೇಳುತ್ತೇನೆ.

ಕಚೇರಿಯೊಳಗೆ ಒಂದು ಪುಟ್ಟ ಎಕ್ಸ್‌ಚೇಂಜ್

ಊರಿಗೆ ಒಂದು ಟೆಲಿಫೋನ್ ಎಕ್ಸ್‌ಚೇಂಜ್ ಇರುತ್ತದೆ, ಅಲ್ವಾ? ಯಾರ ಕರೆಯನ್ನು ಯಾರಿಗೆ ಜೋಡಿಸಬೇಕು ಅಂತ ಅದು ನೋಡಿಕೊಳ್ಳುತ್ತದೆ. ಅದನ್ನೇ ಕುಗ್ಗಿಸಿ ಒಂದು ಕಚೇರಿಯೊಳಗೆ ಇಟ್ಟರೆ ಅದು ಇಪಿಎಬಿಎಕ್ಸ್. ನಮ್ಮಲ್ಲಿ ಜಾಸ್ತಿ ಜನ ಅದನ್ನು ‘ಇಂಟರ್‌ಕಾಮ್ ಡಬ್ಬ’ ಅನ್ನುತ್ತಾರೆ. ಹೊರಗಿನಿಂದ ಒಂದೋ ಎರಡೋ ಲೈನು ಬರುತ್ತವೆ. ಒಳಗೆ ಹತ್ತು ಟೇಬಲ್ಲಿಗೆ ಹತ್ತು ಎಕ್ಸ್‌ಟೆನ್ಷನ್. ನಡುವೆ ಡಬ್ಬ.

ಊರಿನ ಎಕ್ಸ್‌ಚೇಂಜಿಗೂ ಕಚೇರಿಯ ಡಬ್ಬಕ್ಕೂ ನಂಟು ಹಳೆಯದು. 1984ರಲ್ಲಿ ಶುರುವಾದ, ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜ್ 1986ರ ಜುಲೈನಲ್ಲಿ ಮೊದಲು ಚಾಲೂ ಆದದ್ದು ನಮ್ಮ ಕಿತ್ತೂರಿನಲ್ಲಿ. ಕಚೇರಿಗಳಿಗೆ ಅಂತಲೂ ಸಿ-ಡಾಟ್ 128 ಲೈನಿನ ಯಂತ್ರ ಮಾಡಿತ್ತು.

ಇವತ್ತು ಆ ಡಬ್ಬದ ಜಾಗದಲ್ಲಿ ಸಾಫ್ಟ್‌ವೇರ್ ಬಂದಿದೆ. ಇದರಲ್ಲಿ ದೊಡ್ಡ ಹೆಸರು ಆಸ್ಟರಿಸ್ಕ್. ಮಾರ್ಕ್ ಸ್ಪೆನ್ಸರ್ ಅನ್ನುವ ಅಮೆರಿಕದ ಹುಡುಗ 1999ರಲ್ಲಿ, ಇನ್ನೂ ಓದುತ್ತಿದ್ದಾಗಲೇ, ತನ್ನ ಸಣ್ಣ ಕಂಪನಿಗೆ ಫೋನ್ ಡಬ್ಬ ಕೊಳ್ಳಲು ದುಡ್ಡು ಸಾಲದೆ ತಾನೇ ಬರೆದದ್ದು. ಅದನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು. ಅದರ ಮೇಲೆ ಕೂರುವ ಫ್ರೀಪಿಬಿಎಕ್ಸ್ ಅನ್ನುವ ಇನ್ನೊಂದು ಸಾಫ್ಟ್‌ವೇರ್ ಇದೆ. ಅದರಿಂದ ಎಲ್ಲವನ್ನೂ ಬ್ರೌಸರಿನಲ್ಲಿ, ಬಟನ್ ಒತ್ತಿ ಮಾಡಬಹುದು. ಅಕ್ಕನ ಕ್ಲಿನಿಕ್ಕಿನಲ್ಲಿ ಇರುವುದು ಇದೇ. ಇನ್ನು ಕೆಲವರು ಯಂತ್ರವನ್ನೇ ಇಟ್ಟುಕೊಳ್ಳುವುದಿಲ್ಲ. ಬೆಂಗಳೂರಿನ ಎಕ್ಸೊಟೆಲ್‌ನಂಥ ಕ್ಲೌಡ್ ಸೇವೆಗೆ ತಿಂಗಳ ಲೆಕ್ಕದಲ್ಲಿ ಹಣ ಕಟ್ಟುತ್ತಾರೆ. ಹಳೆಯ ಡಬ್ಬ ಇರುವವರಿಗೆ ಡೇ ಮೋಡ್, ನೈಟ್ ಮೋಡ್ ಅಂತ ಕಾಣುತ್ತದೆ. ಹೆಸರು ಏನೇ ಇರಲಿ, ಒಳಗಿನ ಯೋಚನೆ ಒಂದೇ.

ಗಡಿಯಾರ, ಕ್ಯಾಲೆಂಡರ್, ಒಂದು ಕಟ್ಟು ಚೀಟಿ

ಗೇಟಿನ ಹತ್ತಿರ ಒಬ್ಬ ಕಾವಲುಗಾರ ಕೂತಿದ್ದಾನೆ ಅಂದುಕೊಳ್ಳಿ. ಒಳ್ಳೆಯವನು, ಆದರೆ ಸ್ವಂತಕ್ಕೆ ಒಂದು ಮಾತೂ ಆಡುವವನಲ್ಲ. ಅವನ ಕೈಯಲ್ಲಿ ವಾಚಿದೆ. ಹಿಂದಿನ ಗೋಡೆಗೆ ಕ್ಯಾಲೆಂಡರ್ ನೇತುಹಾಕಿದೆ. ಮುಂದೆ ಒಂದು ಕಟ್ಟು ಚೀಟಿ. ಯಾರಾದರೂ ಬಂದರೆ ವಾಚು ನೋಡುತ್ತಾನೆ, ಕ್ಯಾಲೆಂಡರ್ ನೋಡುತ್ತಾನೆ, ಆ ಹೊತ್ತಿಗೆ ಹೊಂದುವ ಚೀಟಿಯನ್ನು ಓದುತ್ತಾನೆ. ಆಮೇಲೆ ಚೀಟಿಯಲ್ಲಿ ಬರೆದಂತೆ ಒಳಗೆ ಬಿಡುತ್ತಾನೆ, ಇಲ್ಲವೇ ವಾಪಸ್ ಕಳಿಸುತ್ತಾನೆ.

ಫೋನ್ ವ್ಯವಸ್ಥೆ ಮಾಡುವುದು ಇಷ್ಟೇ. ವಾಚು ಅಂದರೆ ಯಂತ್ರದ ಗಡಿಯಾರ. ಕ್ಯಾಲೆಂಡರ್ ಅಂದರೆ ನೀವು ತುಂಬಿಕೊಟ್ಟ ಕೆಲಸದ ಸಮಯ ಮತ್ತು ರಜೆಯ ಪಟ್ಟಿ. ಫ್ರೀಪಿಬಿಎಕ್ಸ್‌ನಲ್ಲಿ ಇದಕ್ಕೆ ಟೈಮ್ ಗ್ರೂಪ್ ಅನ್ನುತ್ತಾರೆ. ಚೀಟಿ ಅಂದರೆ ರೆಕಾರ್ಡಿಂಗ್. ‘ಈ ಹೊತ್ತಾದರೆ ಈ ಕಡೆ, ಅಲ್ಲದಿದ್ದರೆ ಆ ಕಡೆ’ ಅನ್ನುವ ತೀರ್ಮಾನಕ್ಕೆ ಟೈಮ್ ಕಂಡೀಷನ್ ಅಂತ ಹೆಸರು. ಹೊರಗಿನಿಂದ ಬಂದ ಕರೆ ಮೊದಲು ಎಲ್ಲಿಗೆ ಹೋಗಬೇಕು ಅಂತ ಹೇಳುವುದು ಇನ್‌ಬೌಂಡ್ ರೂಟ್. ‘ಕನ್ನಡಕ್ಕೆ ಒಂದು ಒತ್ತಿ’ ಅನ್ನುವ ಮೆನು ಐವಿಆರ್.

ಈ ಐದು ಪದ ಗೊತ್ತಿದ್ದರೆ ಉಳಿದದ್ದು ಜೋಡಿಸುವ ಕೆಲಸ.

ಸ್ಕ್ರೀನ್ ಮುಟ್ಟುವ ಮುಂಚೆ ಕಾಗದ

ನಾನು ಮೊದಲ ದಿನ ಕಂಪ್ಯೂಟರ್ ಆನ್ ಮಾಡಲೇ ಇಲ್ಲ. ಅಕ್ಕನನ್ನೂ ರಿಸೆಪ್ಷನ್ನಿನ ಹುಡುಗಿಯನ್ನೂ ಕೂರಿಸಿಕೊಂಡು ಒಂದು ಹಾಳೆಯ ಮೇಲೆ ವಾರದ ವೇಳೆ ಬರೆಸಿದೆ. ‘ಬೆಳಗ್ಗೆ ಸಂಜೆ ಇರ್ತೀವಿ’ ಅನ್ನುವುದು ಮನುಷ್ಯರಿಗೆ ಅರ್ಥವಾಗುತ್ತದೆ, ಯಂತ್ರಕ್ಕೆ ಆಗುವುದಿಲ್ಲ. ಕೊನೆಗೆ ಹೀಗೆ ಬಂತು: ಸೋಮವಾರದಿಂದ ಶನಿವಾರ, ಬೆಳಗ್ಗೆ 9:30ರಿಂದ 1:30, ಸಂಜೆ 4:30ರಿಂದ 8:30. ಭಾನುವಾರ ಬೆಳಗ್ಗೆ 10ರಿಂದ 1.

ನಮ್ಮ ಊರುಗಳ ಕ್ಲಿನಿಕ್ಕು ಬಹುಪಾಲು ಹೀಗೇ, ದಿನಕ್ಕೆ ಎರಡು ಸಲ ತೆರೆಯುತ್ತವೆ. ‘ಹಗಲು-ರಾತ್ರಿ’ ಅಂತ ಎರಡೇ ಭಾಗ ಮಾಡುವ ಸಿದ್ಧ ಸೆಟ್ಟಿಂಗು ಇಲ್ಲಿ ಸಾಲದು. ಮಧ್ಯಾಹ್ನ ಮೂರಕ್ಕೆ ಫೋನ್ ಮಾಡಿದವರಿಗೆ ‘ಸಂಜೆ ನಾಲ್ಕೂವರೆಗೆ ಬನ್ನಿ’ ಅನ್ನಬೇಕು. ರಾತ್ರಿ ಹತ್ತಕ್ಕೆ ಮಾಡಿದವರಿಗೆ ‘ನಾಳೆ ಬನ್ನಿ’ ಅನ್ನಬೇಕು. ಎರಡೂ ಹೊತ್ತಿನಲ್ಲಿ ಬಾಗಿಲು ಮುಚ್ಚಿದೆ. ಹೇಳಬೇಕಾದದ್ದು ಮಾತ್ರ ಬೇರೆ.

ಸಮಯವನ್ನು 24 ಗಂಟೆಯ ಲೆಕ್ಕದಲ್ಲೇ ಬರೆಯಿರಿ. 1:30 ಅನ್ನುವ ಬದಲು 13:30. ‘12 ಎಎಂ’ ಅಂದರೆ ನಡುಹಗಲೋ ನಡುರಾತ್ರಿಯೋ ಅಂತ ಎಷ್ಟು ಜನ ತಡವರಿಸುತ್ತಾರೆ ನೋಡಿ. ಅದು ನಡುರಾತ್ರಿ. 24ರ ಲೆಕ್ಕದಲ್ಲಿ ಈ ಗೊಂದಲವೇ ಬರುವುದಿಲ್ಲ.

ಯಾವ ಪ್ರಶ್ನೆ ಮೊದಲು?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಜಾಸ್ತಿ ತಪ್ಪು ಆಗುವುದು ಇಲ್ಲೇ.

ಕಾವಲುಗಾರ ಚೀಟಿಗಳನ್ನು ಮೇಲಿನಿಂದ ಕೆಳಗೆ ನೋಡುತ್ತಾನೆ. ಮೊದಲು ಹೊಂದಿದ ಚೀಟಿಯನ್ನೇ ಓದಿಬಿಡುತ್ತಾನೆ, ಕೆಳಗಿನದನ್ನು ಮುಟ್ಟುವುದೇ ಇಲ್ಲ. ಈಗ ನವೆಂಬರ್ 1, ಕನ್ನಡ ರಾಜ್ಯೋತ್ಸವ. ಆ ದಿನ ಮಂಗಳವಾರ ಅಂತಿಟ್ಟುಕೊಳ್ಳಿ. ಬೆಳಗ್ಗೆ ಹನ್ನೊಂದು ಗಂಟೆ. ಮೇಲಿನ ಚೀಟಿಯಲ್ಲಿ ‘ಸೋಮವಾರದಿಂದ ಶನಿವಾರ 9:30ರಿಂದ 13:30, ತೆರೆದಿದೆ’ ಅಂತಿದೆ. ಹೊಂದಿತು. ಕೆಳಗೆ ‘ನವೆಂಬರ್ 1 ರಜೆ’ ಅಂತ ಇದ್ದರೂ ಅದರವರೆಗೆ ಅವನು ಹೋಗುವುದೇ ಇಲ್ಲ. ಖಾಲಿ ಕ್ಲಿನಿಕ್ಕಿನಲ್ಲಿ ಫೋನು ರಿಂಗಾಗುತ್ತಲೇ ಇರುತ್ತದೆ.

ಆದ್ದರಿಂದ ಅಪರೂಪದ್ದು ಮೇಲೆ, ದಿನನಿತ್ಯದ್ದು ಕೆಳಗೆ. ನಮ್ಮ ಹಾಳೆಯಲ್ಲಿ ಪ್ರಶ್ನೆಗಳು ಈ ಸಾಲಿನಲ್ಲಿ ನಿಂತವು. ಇವತ್ತು ರಜೆಯಾ? ಅಲ್ಲವಾದರೆ, ಈಗ ತೆರೆದಿರುವ ಹೊತ್ತಾ? ಅಲ್ಲವಾದರೆ, ಸೋಮವಾರದಿಂದ ಶನಿವಾರದ ನಡುವೆ 13:30ರಿಂದ 16:30ರ ವಿರಾಮವಾ? ಅದೂ ಅಲ್ಲವಾದರೆ ಮುಚ್ಚಿದೆ.

ಕೊನೆಯದನ್ನು ಗಮನಿಸಿ. ‘ಮುಚ್ಚಿರುವ ಸಮಯ’ ಅಂತ ನಾನು ಎಲ್ಲಿಯೂ ಬರೆಯಲಿಲ್ಲ. ಯಾವುದಕ್ಕೂ ಹೊಂದದೆ ಉಳಿದದ್ದೆಲ್ಲ ಮುಚ್ಚಿದ ಹೊತ್ತು. ಇದಕ್ಕೆ ಕಾರಣ ಇದೆ. ರಾತ್ರಿ 20:30ರಿಂದ ಬೆಳಗ್ಗೆ 9:30 ಅಂತ ಬರೆದರೆ ನಡುವೆ ತಾರೀಖು ಬದಲಾಗುತ್ತದೆ. ಎಷ್ಟೋ ವ್ಯವಸ್ಥೆಗಳಲ್ಲಿ ಇದನ್ನು ನಡುರಾತ್ರಿಗೆ ತುಂಡು ಮಾಡಿ ಎರಡು ಸಾಲಾಗಿ ಬರೆಯಬೇಕಾಗುತ್ತದೆ. ಒಂದು ಸಾಲು ಮರೆತರೆ ಬೆಳಗಿನ ಜಾವದಲ್ಲಿ ಒಂದು ಕಿಂಡಿ ಉಳಿದುಬಿಡುತ್ತದೆ. ತೆರೆದ ಹೊತ್ತನ್ನು ಮಾತ್ರ ಬರೆದು ಉಳಿದದ್ದನ್ನು ‘ಇಲ್ಲವಾದರೆ’ಗೆ ಬಿಟ್ಟರೆ ಕಿಂಡಿಗೆ ಜಾಗವೇ ಇಲ್ಲ.

ಟೈಮ್ ಗ್ರೂಪಿನ ಸಾಲುಗಳನ್ನು ತುಂಬುವಾಗ ಇನ್ನೊಂದು ಎಚ್ಚರ. ಒಂದು ಸಾಲಿನೊಳಗೆ ಇರುವುದೆಲ್ಲ ‘ಮತ್ತು’. ಅಂದರೆ ಗಂಟೆಯೂ ಹೊಂದಬೇಕು, ವಾರವೂ ಹೊಂದಬೇಕು, ತಾರೀಖೂ ತಿಂಗಳೂ ಹೊಂದಬೇಕು. ಸಾಲು ಸಾಲುಗಳ ನಡುವೆ ಇರುವುದು ‘ಅಥವಾ’. ಬೆಳಗಿನ ಸರದಿಗೆ ಒಂದು ಸಾಲು, ಸಂಜೆಯ ಸರದಿಗೆ ಒಂದು, ಭಾನುವಾರಕ್ಕೆ ಒಂದು. ಮೂರರಲ್ಲಿ ಯಾವುದು ಹೊಂದಿದರೂ ತೆರೆದಿದೆ ಅಂತ ಅರ್ಥ.

ಇದು ಮನಸ್ಸಿನಲ್ಲಿ ಇಲ್ಲದಿದ್ದರೆ ಏನಾಗುತ್ತದೆ ಗೊತ್ತಾ? ಜನವರಿ 26 ಮತ್ತು ಆಗಸ್ಟ್ 15, ಎರಡೂ ರಜೆ. ಜಾಗ ಉಳಿಸಲು ಒಂದೇ ಸಾಲಿನಲ್ಲಿ ‘ತಿಂಗಳು: ಜನವರಿಯಿಂದ ಆಗಸ್ಟ್, ತಾರೀಖು: 15ರಿಂದ 26’ ಅಂತ ತುಂಬಿದರೆ, ಜನವರಿಯಿಂದ ಆಗಸ್ಟ್‌ವರೆಗೆ ಪ್ರತಿ ತಿಂಗಳೂ 15ರಿಂದ 26ರ ತನಕ ಫೋನು ‘ಇವತ್ತು ರಜೆ’ ಅನ್ನುತ್ತದೆ. ರಜೆಗೆ ಒಂದೊಂದು ದಿನಕ್ಕೆ ಒಂದೊಂದು ಸಾಲು. ಅದರಲ್ಲಿ ಜಿಪುಣತನ ಬೇಡ.

ಎರಡನೇ ಶನಿವಾರದ ಲೆಕ್ಕ

ಕ್ಲಿನಿಕ್ಕಿಗೆ ಇದು ಬೇಕಾಗಲಿಲ್ಲ. ಆದರೆ ಪಕ್ಕದ ಸಹಕಾರ ಸಂಘದವರು ನೋಡಿ ನಮಗೂ ಮಾಡಿಕೊಡಿ ಅಂದಾಗ ಎದುರಾಯಿತು. ಬ್ಯಾಂಕುಗಳಿಗೆ 2015ರ ಸೆಪ್ಟೆಂಬರ್ 1ರಿಂದ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಈ ಸಂಘದವರೂ ಅದನ್ನೇ ಅನುಸರಿಸುತ್ತಾರೆ. ಆದರೆ ಯಂತ್ರಕ್ಕೆ ‘ಎರಡನೇ ಶನಿವಾರ’ ಅನ್ನುವ ಮಾತೇ ಗೊತ್ತಿಲ್ಲ. ಅದಕ್ಕೆ ಶನಿವಾರ ಗೊತ್ತು, ತಾರೀಖು ಗೊತ್ತು.

ಹಾಗಾದರೆ ತಾರೀಖಿನಿಂದಲೇ ಹಿಡಿಯೋಣ. 2026ರ ಆಗಸ್ಟ್ 1 ಶನಿವಾರ. ಆ ತಿಂಗಳ ಶನಿವಾರಗಳು 1, 8, 15, 22, 29. ಎರಡನೆಯದು 8. ಇದಕ್ಕಿಂತ ಬೇಗ ಎರಡನೇ ಶನಿವಾರ ಬರಲು ಸಾಧ್ಯವೇ ಇಲ್ಲ. ಈಗ ನವೆಂಬರ್ ನೋಡಿ. 2026ರ ನವೆಂಬರ್ 1 ಭಾನುವಾರ. ಮೊದಲ ಶನಿವಾರ 7ಕ್ಕೆ, ಎರಡನೆಯದು 14ಕ್ಕೆ. ಇದಕ್ಕಿಂತ ತಡವಾಗಲೂ ಸಾಧ್ಯವಿಲ್ಲ. ಅಂದರೆ ಯಾವ ವರ್ಷದ ಯಾವ ತಿಂಗಳೇ ಆಗಲಿ, ಎರಡನೇ ಶನಿವಾರ 8ರಿಂದ 14ರ ಒಳಗೇ ಬೀಳಬೇಕು. ನಾಲ್ಕನೆಯದು 22ರಿಂದ 28ರ ಒಳಗೆ.

ಹಾಗಾಗಿ ‘ವಾರ: ಶನಿವಾರ, ತಾರೀಖು: 8ರಿಂದ 14’ ಅಂತ ಒಂದು ಸಾಲು. ‘ವಾರ: ಶನಿವಾರ, ತಾರೀಖು: 22ರಿಂದ 28’ ಅಂತ ಇನ್ನೊಂದು. ಒಂದು ಸಾಲಿನೊಳಗೆ ಎಲ್ಲವೂ ‘ಮತ್ತು’ ಆಗಿರುವುದರಿಂದ ಆ ಏಳು ದಿನಗಳಲ್ಲಿ ಶನಿವಾರ ಮಾತ್ರ ಹೊಂದುತ್ತದೆ. ಒಮ್ಮೆ ಬರೆದರೆ ಮುಂದೆ ಮುಟ್ಟುವ ಹಾಗೇ ಇಲ್ಲ. ಇದನ್ನು ವಿವರಿಸಿದಾಗ ಸಂಘದ ಕಾರ್ಯದರ್ಶಿ ಗೋಡೆಯ ಕ್ಯಾಲೆಂಡರ್ ತೆಗೆದು ಹನ್ನೆರಡೂ ತಿಂಗಳು ಬೆರಳಿಟ್ಟು ನೋಡಿಕೊಂಡರು. ನೀವೂ ನೋಡಬಹುದು.

ಹಬ್ಬಗಳಿಗೆ ಈ ಉಪಾಯ ನಡೆಯುವುದಿಲ್ಲ. ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ, ರಾಜ್ಯೋತ್ಸವ, ಕ್ರಿಸ್‌ಮಸ್, ಇವು ತಾರೀಖು ಬಿಟ್ಟು ಕದಲುವುದಿಲ್ಲ. ಒಮ್ಮೆ ತುಂಬಿದರೆ ಆಯಿತು. ಯುಗಾದಿ, ಗಣೇಶ ಚೌತಿ, ದಸರಾ, ದೀಪಾವಳಿ, ರಂಜಾನ್, ಬಕ್ರೀದ್ ಚಂದ್ರನ ಲೆಕ್ಕದವು. ಪ್ರತಿ ವರ್ಷ ತಾರೀಖು ಬೇರೆ. ಇವನ್ನು ಬೇರೆಯೇ ಒಂದು ಟೈಮ್ ಗ್ರೂಪಿನಲ್ಲಿ ಇಡಿ. ಡಿಸೆಂಬರಿನಲ್ಲಿ ಹೊಸ ವರ್ಷದ ಕ್ಯಾಲೆಂಡರ್ ಬಂದಾಗ ಆ ಗ್ರೂಪನ್ನಷ್ಟೇ ತಿದ್ದಿದರೆ ಸಾಕು. ಹೋದ ವರ್ಷದ ತಾರೀಖನ್ನು ಅಳಿಸುವುದು ಮರೆಯಬಾರದು. ಅಳಿಸದಿದ್ದರೆ ಹೋದ ಸಲದ ದೀಪಾವಳಿಯ ದಿನಕ್ಕೆ ಈ ವರ್ಷವೂ ಫೋನು ರಜೆ ಹಾಕುತ್ತದೆ. ಆ ಸಾಲುಗಳಲ್ಲಿ ಇಸವಿ ಇರುವುದಿಲ್ಲ, ತಿಂಗಳು ಮತ್ತು ತಾರೀಖು ಅಷ್ಟೇ.

ಐದೂವರೆ ಗಂಟೆಯ ತಪ್ಪು

ಎಲ್ಲ ತುಂಬಿ ಮುಗಿಸಿದ ಮರುದಿನ ಬೆಳಗ್ಗೆ ಹತ್ತಕ್ಕೆ ಅಕ್ಕ ಫೋನ್ ಮಾಡಿದಳು. ರಿಸೆಪ್ಷನ್ನಿನ ಹುಡುಗಿ ಫೋನಿನ ಮುಂದೆ ಕೂತಿದ್ದಾಳೆ, ಒಂದು ಕರೆಯೂ ಬರುತ್ತಿಲ್ಲ. ಹೊರಗಿನಿಂದ ಮಾಡಿದವರಿಗೆಲ್ಲ ‘ಮುಚ್ಚಿದೆ’ ಅಂತ ಕೇಳುತ್ತಿದೆ. ಮಧ್ಯಾಹ್ನ ಮೂರಾದ ಮೇಲೆ, ಕ್ಲಿನಿಕ್ಕಿಗೆ ಬೀಗ ಬಿದ್ದಿದ್ದಾಗ, ಫೋನು ‘ತೆರೆದಿದೆ’ ಅನ್ನಲು ಶುರು ಮಾಡಿತು.

ಮೂರು ಗಂಟೆ ಅಂದ ಕೂಡಲೇ ಗೊತ್ತಾಯಿತು. ಯಂತ್ರದ ಗಡಿಯಾರ ಲೋಕಸಮಯ, ಅಂದರೆ ಯುಟಿಸಿಯಲ್ಲಿ ಇತ್ತು. ನಮ್ಮ ಭಾರತೀಯ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಾನು 9:30 ಅಂತ ಬರೆದದ್ದು ಯಂತ್ರಕ್ಕೆ ಯುಟಿಸಿಯ 9:30. ಆಗ ಮೈಸೂರಿನಲ್ಲಿ ಮಧ್ಯಾಹ್ನ ಮೂರು. ಸಂಜೆಯ ಸರದಿ ಇದೇ ಲೆಕ್ಕದಲ್ಲಿ ರಾತ್ರಿ ಹತ್ತಕ್ಕೆ ಶುರುವಾಗಿ ಎರಡಕ್ಕೆ ಮುಗಿಯುತ್ತದೆ. ನಿಮ್ಮ ಫೋನು ಹೀಗೆ ಸರಿಯಾಗಿ ಐದೂವರೆ ಗಂಟೆ ತಡವಾಗಿ ನಡೆಯುತ್ತಿದ್ದರೆ ಬೇರೆಲ್ಲೂ ಹುಡುಕಬೇಡಿ, ಟೈಮ್ ಝೋನ್ ನೋಡಿ.

ಸರಿ ಮಾಡುವುದು ಸುಲಭ. ಟೈಮ್ ಝೋನ್ ಪಟ್ಟಿಯಲ್ಲಿ ಬೆಂಗಳೂರು ಅಂತ ಹುಡುಕಿದರೆ ಸಿಗುವುದಿಲ್ಲ, ದೆಹಲಿಯೂ ಇಲ್ಲ. ‘ಏಷ್ಯಾ/ಕೋಲ್ಕತ್ತಾ’ ಅಂತ ಇರುತ್ತದೆ. ಹಳೆಯ ಯಂತ್ರಗಳಲ್ಲಿ ಕಲ್ಕತ್ತಾ. ಇಡೀ ದೇಶಕ್ಕೆ ಅದೊಂದೇ. ಬದಲಿಸಿದ ಮೇಲೆ ವ್ಯವಸ್ಥೆಯನ್ನು ಒಮ್ಮೆ ರೀಸ್ಟಾರ್ಟ್ ಮಾಡಿ.

ಝೋನ್ ಸರಿಯಿದ್ದರೂ ಗಡಿಯಾರವೇ ಹಿಂದೆ ಬೀಳಬಹುದು. ಕಂಪ್ಯೂಟರಿನ ಒಳಗಿರುವುದೂ ಕೈಗಡಿಯಾರದಂಥದ್ದೇ ಹರಳು. ದಿನಕ್ಕೆ ಒಂದೆರಡು ಸೆಕೆಂಡ್ ಜಾರಿದರೂ ಸುಮ್ನೆ ಬಿಟ್ಟರೆ ವರ್ಷಕ್ಕೆ ಹತ್ತು ನಿಮಿಷದ ಹತ್ತಿರ ಹೋಗುತ್ತದೆ. ಅದಕ್ಕೇ ಎನ್‌ಟಿಪಿ ಅನ್ನುವ ಏರ್ಪಾಡು ಇದೆ. ಯಂತ್ರ ಆಗಾಗ ಇಂಟರ್ನೆಟ್ಟಿನಲ್ಲಿ ಒಂದು ನಂಬಿಕಸ್ಥ ಗಡಿಯಾರವನ್ನು ಕೇಳಿ ತನ್ನನ್ನು ಸರಿಪಡಿಸಿಕೊಳ್ಳುತ್ತದೆ. ನಮ್ಮ ದೇಶದ ಅಧಿಕೃತ ಸಮಯವನ್ನು ಕಾಯುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಅವರ ಎನ್‌ಟಿಪಿ ಸೇವೆಯೂ ಇದೆ.

ರಾಸ್ಪ್‌ಬೆರಿ ಪೈನಂಥ ಅಂಗೈಯಗಲದ ಕಂಪ್ಯೂಟರಿನಲ್ಲಿ ಆಸ್ಟರಿಸ್ಕ್ ಓಡಿಸುವವರು ಇನ್ನೂ ಹುಷಾರಾಗಿರಬೇಕು. ಅದರ ಹಳೆಯ ಮಾದರಿಗಳಲ್ಲಿ ಕರೆಂಟು ಹೋದಾಗಲೂ ನಡೆಯುವ ಗಡಿಯಾರ ಇಲ್ಲ. ಕರೆಂಟು ಬಂದ ಮೇಲೆ ಇಂಟರ್ನೆಟ್ ಸಿಗುವ ತನಕ ಅದು ಹಳೆಯ ಸಮಯದಲ್ಲೇ ಇರುತ್ತದೆ. ರಾತ್ರಿ ಕರೆಂಟು ಹೋಗಿ ಬೆಳಗ್ಗೆ ಬಂದರೆ, ರೂಟರ್ ಏಳುವವರೆಗೆ ಫೋನಿಗೆ ಇನ್ನೂ ರಾತ್ರಿಯೇ.

ಶುಭೋದಯವೋ ನಮಸ್ಕಾರವೋ

ಇಷ್ಟು ಹೊತ್ತು ಯಾವಾಗ ಅಂತ ನೋಡಿದೆವು. ಏನು ಅನ್ನಬೇಕು?

ಇಂಗ್ಲಿಷಿನಲ್ಲಿ ಬೆಳಗ್ಗೆ ಗುಡ್ ಮಾರ್ನಿಂಗ್, ಮಧ್ಯಾಹ್ನ ಗುಡ್ ಆಫ್ಟರ್‌ನೂನ್, ಸಂಜೆ ಗುಡ್ ಈವ್ನಿಂಗ್. ಅದನ್ನೇ ಕನ್ನಡಕ್ಕೆ ತಂದು ಶುಭೋದಯ, ಶುಭ ಮಧ್ಯಾಹ್ನ, ಶುಭ ಸಂಜೆ ಅಂತ ರೆಕಾರ್ಡ್ ಮಾಡುವವರು ಇದ್ದಾರೆ. ಎದುರು ಸಿಕ್ಕವರಿಗೆ ‘ಶುಭ ಮಧ್ಯಾಹ್ನ’ ಅನ್ನುವವರನ್ನು ನಾನಂತೂ ನೋಡಿಲ್ಲ. ರಾತ್ರಿಯ ಕರೆಗೆ ‘ಶುಭರಾತ್ರಿ’ ಅಂತ ಶುರು ಮಾಡಿದರಂತೂ ಅರ್ಥವೇ ತಿರುಗುತ್ತದೆ. ಅದು ಬೀಳ್ಕೊಡುವ ಮಾತು. ನಮಗೆ ‘ನಮಸ್ಕಾರ’ ಇದೆ. ಬೆಳಗಿನ ಜಾವಕ್ಕೂ ಸಲ್ಲುತ್ತದೆ, ನಡುರಾತ್ರಿಗೂ ಸಲ್ಲುತ್ತದೆ. ಕನ್ನಡದಲ್ಲಿ ಹೊತ್ತಿಗೆ ತಕ್ಕಂತೆ ಬದಲಾಗಬೇಕಾದದ್ದು ಅದರ ನಂತರ ಬರುವ ಮಾತು. ಫೋನ್ ಮಾಡಿದವರು ತಿಳಿಯಬೇಕಾದದ್ದು ಎರಡೇ: ಈಗ ಯಾರಾದರೂ ಇದ್ದಾರಾ, ಇಲ್ಲದಿದ್ದರೆ ಯಾವಾಗ ಇರುತ್ತಾರೆ.

ಕ್ಲಿನಿಕ್ಕಿನ ಮಾತುಗಳು ಕೊನೆಗೆ ಹೀಗೆ ನಿಂತವು.

ತೆರೆದಿರುವಾಗ: ‘ನಮಸ್ಕಾರ. ಇದು ಹಲ್ಲಿನ ಕ್ಲಿನಿಕ್. ಕನ್ನಡಕ್ಕೆ ಒಂದು, ಇಂಗ್ಲಿಷಿಗೆ ಎರಡು ಒತ್ತಿ. ಏನೂ ಒತ್ತದಿದ್ದರೂ ನಮ್ಮವರು ಮಾತಾಡುತ್ತಾರೆ.’

ಮಧ್ಯಾಹ್ನ: ‘ನಮಸ್ಕಾರ. ಈಗ ಊಟದ ವಿರಾಮ. ಇವತ್ತೇ ಸಂಜೆ ನಾಲ್ಕೂವರೆಗೆ ಕ್ಲಿನಿಕ್ ತೆರೆಯುತ್ತದೆ.’

ರಾತ್ರಿ: ‘ನಮಸ್ಕಾರ. ಕ್ಲಿನಿಕ್ ಮುಚ್ಚಿದೆ. ಸೋಮವಾರದಿಂದ ಶನಿವಾರ ಬೆಳಗ್ಗೆ ಒಂಬತ್ತೂವರೆಗೆ, ಭಾನುವಾರ ಹತ್ತಕ್ಕೆ ತೆರೆಯುತ್ತದೆ. ತುರ್ತಾಗಿ ಆಂಬುಲೆನ್ಸ್ ಬೇಕಿದ್ದರೆ ಒಂದು ಸೊನ್ನೆ ಎಂಟಕ್ಕೆ ಕರೆ ಮಾಡಿ.’

ರಾತ್ರಿಯ ಮಾತಿನಲ್ಲಿ ಮೊದಲು ‘ನಾಳೆ ಬೆಳಗ್ಗೆ ಒಂಬತ್ತೂವರೆಗೆ’ ಅಂತ ಇತ್ತು. ಶನಿವಾರ ರಾತ್ರಿಗೆ ಅದು ಸುಳ್ಳಾಗುತ್ತದೆ, ಭಾನುವಾರ ತೆರೆಯುವುದು ಹತ್ತಕ್ಕೆ. ನಡುರಾತ್ರಿ ದಾಟಿದ ಮೇಲೆ ಒಂದು ಗಂಟೆಗೆ ಫೋನ್ ಮಾಡಿದವರಿಗೆ ‘ನಾಳೆ’ ಅಂದರೆ ಯಾವತ್ತು? ಹಾಗಾಗಿ ‘ನಾಳೆ’ ಪದವನ್ನೇ ತೆಗೆದೆವು. ರೆಕಾರ್ಡಿಂಗಿನ ಮಾತು ಅದು ಕೇಳಿಸುವ ಪ್ರತಿ ನಿಮಿಷದಲ್ಲೂ ನಿಜವಾಗಿರಬೇಕು.

ಗಂಟೆಯನ್ನು ನಾವು ಆಡುವ ಹಾಗೇ ಹೇಳಿ. ‘ಒಂಬತ್ತು ಮೂವತ್ತು’ ಅನ್ನುವುದಕ್ಕಿಂತ ‘ಒಂಬತ್ತೂವರೆ’ ವಯಸ್ಸಾದವರಿಗೂ ತಟ್ಟನೆ ತಿಳಿಯುತ್ತದೆ. ಫೋನ್ ನಂಬರ್ ಹೇಳುವುದಿದ್ದರೆ ನಿಧಾನವಾಗಿ, ಎರಡು ಸಲ.

ಹೊತ್ತಿನ ಶುಭಾಶಯ ಬೇಕೇ ಬೇಕು ಅನ್ನುವವರಿಗೆ ಒಂದು ದಾರಿ. ಮೂರು ಶುಭಾಶಯ, ನಾಲ್ಕು ಬಗೆಯ ಮಾಹಿತಿ ಇದ್ದರೆ ಎಲ್ಲ ಜೋಡಿಗೂ ಸೇರಿ ಹನ್ನೆರಡು ರೆಕಾರ್ಡಿಂಗ್ ಮಾಡಬೇಡಿ. ಶುಭಾಶಯ ಬೇರೆ, ಮಾಹಿತಿ ಬೇರೆ ಮಾಡಿ, ಒಂದರ ಹಿಂದೆ ಒಂದು ಕೇಳಿಸಿ. ಏಳೇ ಸಾಕು. ಆದರೆ ಏಳನ್ನೂ ಒಬ್ಬರದೇ ದನಿಯಲ್ಲಿ, ಒಂದೇ ದಿನ, ಒಂದೇ ಕೋಣೆಯಲ್ಲಿ ಮಾಡಿ.

ದನಿ ಹಿಡಿಯುವುದು

ರಿಸೆಪ್ಷನ್ನಿನ ಹುಡುಗಿಯೇ ಓದಿದಳು. ಬಂದವರಿಗೆ ಪರಿಚಯದ ದನಿ. ಫ್ಯಾನ್ ಆರಿಸಿದೆವು, ಕಿಟಕಿ ಮುಚ್ಚಿದೆವು. ಮೊಬೈಲನ್ನು ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ ಹಿಡಿದೆವು. ನೇರ ಹಿಡಿದರೆ ‘ಭ’, ‘ಪ’ ಬಂದಾಗ ಉಸಿರು ಬಡಿಯುತ್ತದೆ.

ಫೋನಿನ ಲೈನು ಸಣ್ಣ ಕಿಟಕಿ ಇದ್ದಂತೆ. ದನಿಯಲ್ಲಿ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಭಾಗವನ್ನು ಮಾತ್ರ ಒಳಗೆ ಬಿಡುತ್ತದೆ. ತೀರಾ ಗಡಸೂ ತೀರಾ ಕೀಚೂ ಹೊರಗೇ ಉಳಿಯುತ್ತವೆ. ‘ಸ’, ‘ಶ’ಗಳ ಸಿಳ್ಳೆಯ ಬಹುಭಾಗ ಅದರಾಚೆ ಇರುವುದರಿಂದ ಫೋನಿನಲ್ಲಿ ಅವು ಮಂಕಾಗಿ ಕೇಳುತ್ತವೆ. ಅದಕ್ಕೇ ಬಿಡಿಸಿ, ಸಾವಕಾಶ ಓದಬೇಕು. ಹಿಂದೆ ಸಂಗೀತ ಹಾಕಿದರೆ ಆ ಕಿಟಕಿಯಲ್ಲಿ ಮಾತೂ ಸಂಗೀತವೂ ಒಂದನ್ನೊಂದು ತಳ್ಳಾಡುತ್ತವೆ. ಬೇಡ.

ಫೈಲನ್ನು ಡಬ್ಲ್ಯೂಎವಿ ರೂಪಕ್ಕೆ ಬದಲಿಸಿ: ಮೋನೋ, 16 ಬಿಟ್, ಸೆಕೆಂಡಿಗೆ 8000 ಮಾದರಿ (ಸ್ಯಾಂಪಲ್ ರೇಟ್). ಮೊಬೈಲಿನ ರೆಕಾರ್ಡಿಂಗ್ ಸಾಮಾನ್ಯವಾಗಿ 44,100 ಅಥವಾ 48,000ದಲ್ಲಿ ಇರುತ್ತದೆ. ಸಿಸ್ಟಮ್ ರೆಕಾರ್ಡಿಂಗ್ಸ್ ಅನ್ನುವ ಕಡೆ ಅಪ್‌ಲೋಡ್ ಮಾಡಿದರೆ ಮುಗಿಯಿತು.

ಒಂದು ಸಣ್ಣ ವಿಷಯ, ಆದರೆ ಕಿವಿಗೆ ತುಂಬ ತಾಗುವಂಥದ್ದು. ಯಂತ್ರ ಕರೆ ಎತ್ತಿದ ಮೊದಲ ಕ್ಷಣದಲ್ಲಿ ದನಿಯ ದಾರಿ ಇನ್ನೂ ಪೂರ್ತಿ ತೆರೆದಿರುವುದಿಲ್ಲ. ತಕ್ಷಣ ಮಾತು ಶುರುವಾದರೆ ತಲೆ ಕತ್ತರಿಸಿಹೋಗುತ್ತದೆ. ನಮ್ಮ ‘ನಮಸ್ಕಾರ’ ಮೊದಲು ‘ಸ್ಕಾರ’ ಅಂತ ಕೇಳುತ್ತಿತ್ತು. ರೆಕಾರ್ಡಿಂಗಿನ ಶುರುವಿಗೆ ಒಂದು ಸೆಕೆಂಡ್ ಮೌನ ಸೇರಿಸಿದ ಮೇಲೆ ಸರಿಹೋಯಿತು.

ಇವತ್ತು ಡಾಕ್ಟರ್ ಇಲ್ಲ

ಕ್ಯಾಲೆಂಡರಿಗೆ ಗೊತ್ತಿಲ್ಲದ ದಿನಗಳೂ ಇರುತ್ತವೆ. ಮನೆಯಲ್ಲಿ ಯಾರಿಗೋ ಹುಷಾರಿಲ್ಲ, ಬಂದ್ ಆಯಿತು, ಮಳೆಗೆ ರಸ್ತೆ ಮುಳುಗಿತು. ಆಗ ಕಂಪ್ಯೂಟರ್ ತೆಗೆದು ಟೈಮ್ ಗ್ರೂಪ್ ತಿದ್ದಿ ಅಂದರೆ ಯಾರೂ ತಿದ್ದುವುದಿಲ್ಲ. ಅದಕ್ಕೆ ಕೈಯಿಂದ ತಿರುಗಿಸುವ ಸ್ವಿಚ್ ಇದೆ. ಫ್ರೀಪಿಬಿಎಕ್ಸ್‌ನಲ್ಲಿ ಕಚೇರಿಯ ಫೋನಿನಿಂದ ಸ್ಟಾರ್ 27, ಅದರ ಮುಂದೆ ಆ ಟೈಮ್ ಕಂಡೀಷನ್ನಿನ ಸಂಖ್ಯೆ ಒತ್ತಿದರೆ, ತೆರೆದದ್ದು ಮುಚ್ಚುತ್ತದೆ. ತಾತ್ಕಾಲಿಕ ಬದಲಾವಣೆಯಾದರೆ ಮುಂದಿನ ಸಮಯ ಬದಲಾದಾಗ ತಾನಾಗಿಯೇ ಎಂದಿನ ದಾರಿಗೆ ಮರಳುತ್ತದೆ. ಸಾಯಂಕಾಲ ವಾಪಸ್ ತಿರುಗಿಸುವುದು ಮರೆತೆವು ಅನ್ನುವ ಭಯವಿಲ್ಲ. ಹಾಗೆಯೇ ಸಂಜೆಯೂ ಬಾಗಿಲು ತೆಗೆಯುವುದಿಲ್ಲವಾದರೆ ಸಂಜೆಗೆ ಇನ್ನೊಮ್ಮೆ ಒತ್ತಬೇಕು. ಆ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ರಿಸೆಪ್ಷನ್ ಫೋನಿನ ಹಿಂಬದಿಗೆ ಅಂಟಿಸಿದ್ದೇವೆ.

ಹೊರದೇಶದ ಗಿರಾಕಿಗಳಿದ್ದರೆ

ಬೆಂಗಳೂರಿನಲ್ಲಿ ಕೂತು ಅಮೆರಿಕದವರ ಕರೆ ತೆಗೆದುಕೊಳ್ಳುವ ಕಚೇರಿಗಳಿಗೆ ಇನ್ನೊಂದು ತೊಡಕು. ನಮ್ಮ ಗಡಿಯಾರ ವರ್ಷವಿಡೀ ಒಂದೇ. ಅವರದು ಮಾರ್ಚ್ ತಿಂಗಳ ಎರಡನೇ ಭಾನುವಾರ ಒಂದು ಗಂಟೆ ಮುಂದಕ್ಕೆ ಹೋಗಿ, ನವೆಂಬರಿನ ಮೊದಲ ಭಾನುವಾರ ಹಿಂದಕ್ಕೆ ಬರುತ್ತದೆ. ನ್ಯೂಯಾರ್ಕಿನ ಬೆಳಗಿನ ಒಂಬತ್ತು ಚಳಿಗಾಲದಲ್ಲಿ ನಮಗೆ ಸಂಜೆ ಏಳೂವರೆ, ಬೇಸಿಗೆಯಲ್ಲಿ ಆರೂವರೆ. ‘ಸಂಜೆ 19:30’ ಅಂತ ನಮ್ಮ ಲೆಕ್ಕದಲ್ಲಿ ಬರೆದಿಟ್ಟರೆ ಬೇಸಿಗೆ ಪೂರ್ತಿ ಒಂದು ಗಂಟೆ ತಡ. ಆ ನಿಯಮಕ್ಕೆ ಟೈಮ್ ಝೋನ್ ‘ಅಮೆರಿಕಾ/ನ್ಯೂಯಾರ್ಕ್’ ಅಂತ ಕೊಟ್ಟು 9:00 ಅಂತಲೇ ಬರೆಯಿರಿ. ಹಿಂದೆ ಮುಂದೆ ಮಾಡುವ ಲೆಕ್ಕವನ್ನು ಯಂತ್ರ ನೋಡಿಕೊಳ್ಳುತ್ತದೆ.

ಕೊನೆಗೆ ಫೋನ್ ಮಾಡಿ ನೋಡಿ

ಸ್ಕ್ರೀನಿನಲ್ಲಿ ಎಲ್ಲ ಸರಿ ಕಂಡರೂ ನಂಬಬೇಡಿ. ಹೊರಗಿನ ಮೊಬೈಲಿನಿಂದ ಕರೆ ಮಾಡಿ ಕೇಳಿ. ರಾತ್ರಿಯವರೆಗೆ ಕಾಯಬೇಕಿಲ್ಲ. ಈಗ 11:00 ಆಗಿದ್ದರೆ ಇವತ್ತಿನ ತಾರೀಖಿಗೆ 11:05ರಿಂದ 11:10 ಅಂತ ರಜೆಯ ಸಾಲೊಂದನ್ನು ತಾತ್ಕಾಲಿಕವಾಗಿ ಹಾಕಿ. 11:04ಕ್ಕೆ ಒಂದು ಕರೆ, 11:07ಕ್ಕೆ ಒಂದು, 11:12ಕ್ಕೆ ಒಂದು. ಮೊದಲನೆಯದು ತೆರೆದಿದೆ ಅನ್ನಬೇಕು, ಎರಡನೆಯದು ರಜೆ ಅನ್ನಬೇಕು, ಮೂರನೆಯದು ಮತ್ತೆ ತೆರೆದಿದೆ ಅನ್ನಬೇಕು. ಆಮೇಲೆ ಆ ಸಾಲು ಅಳಿಸಿ.

ನಿಜವಾದ ಅಂಚುಗಳನ್ನೂ ಒಂದು ದಿನ ಕಾದು ನೋಡಿ: 9:29 ಮತ್ತು 9:31, 13:29 ಮತ್ತು 13:31, ಹೀಗೆ. ಕೊನೆಯ ನಿಮಿಷವನ್ನು ಒಳಗೆ ಸೇರಿಸುವುದರಲ್ಲಿ ಒಂದೊಂದು ವ್ಯವಸ್ಥೆ ಒಂದೊಂದು ರೀತಿ. ಭಾನುವಾರ ಮಧ್ಯಾಹ್ನ ಎರಡಕ್ಕೂ ಒಂದು ಕರೆ ಮಾಡಿ. ವಾರದ ಉಳಿದ ದಿನ ಆ ಹೊತ್ತು ಊಟದ ವಿರಾಮ, ಭಾನುವಾರ ಮಾತ್ರ ಮುಚ್ಚಿದ ಹೊತ್ತು. ವಿರಾಮದ ಸಾಲಿನಲ್ಲಿ ವಾರಗಳನ್ನು ಗುರುತು ಹಾಕದೆ ಬಿಟ್ಟರೆ ಇಲ್ಲಿ ಸಿಕ್ಕಿಬೀಳುತ್ತದೆ.

ನಾನು ಆ ಭಾನುವಾರ ಮನೆಯಿಂದ ಕರೆ ಮಾಡಿ ಫೋನನ್ನು ಸ್ಪೀಕರಿಗೆ ಹಾಕಿ ಅಪ್ಪನ ಮುಂದೆ ಇಟ್ಟೆ. ‘ನಮಸ್ಕಾರ. ಕ್ಲಿನಿಕ್ ಮುಚ್ಚಿದೆ. ಸೋಮವಾರದಿಂದ ಶನಿವಾರ ಬೆಳಗ್ಗೆ ಒಂಬತ್ತೂವರೆಗೆ...’ ಅಪ್ಪ ಪೂರ್ತಿ ಕೇಳಿ, ‘ಸರಿ, ನಾಳೆ ಹೋದ್ರಾಯ್ತು’ ಅಂದರು. ಕರೆ ಇಪ್ಪತ್ತು ಸೆಕೆಂಡಿಗೆ ಮುಗಿದಿತ್ತು.